ಲೆಕ್ಕ ಕಲಿಸುವ ಆಟಗಳು

ಒಂದರಿಂದ ಹತ್ತರವರೆಗೆ ತಪ್ಪಿಲ್ಲದೆ ಒಪ್ಪಿಸುವ ನಾಲ್ಕು ವರ್ಷದ ಮಗುವನ್ನು ಕಂಡು ಮನೆಯವರು ಹಿಗ್ಗುವುದು ಸಹಜ. ಆದರೆ ಅದೇ ಮಗುವನ್ನು ‘ಎಂಟು ಹೆಚ್ಚೋ, ಆರು ಹೆಚ್ಚೋ?’ ಎಂದು ಕೇಳಿದರೆ ಅದು ಅನೇಕ ವೇಳೆ ತಡವರಿಸುವುದುಂಟು. ಸಂಖ್ಯೆಗಳ ಹೆಸರನ್ನು ಬಲ್ಲುದು ಒಂದು. ಅವುಗಳ ಪ್ರಮಾಣವನ್ನು ಬಲ್ಲುದು ಇನ್ನೊಂದು. ಮೊದಲನೆಯದು ಬಾಯಿಪಾಠದಿಂದ ಬರುತ್ತದೆ. ಎರಡನೆಯದು ಹಾಗೆ ಬರುವಂಥದಲ್ಲ. ಮುಂದೆ ಕಲಿಯಬೇಕಾದ ಕೂಡುವ, ಕಳೆಯುವ ಲೆಕ್ಕಗಳಿಗೆ ಈ ಎರಡನೆಯ ಅರಿವೇ ತಳಹದಿ. ಅದು ಸಡಿಲವಾಗಿದ್ದರೆ ಮಗು ತರಗತಿಯಿಂದ ತರಗತಿಗೆ ಹಿಂದೆ ಬೀಳುತ್ತ ಹೋಗಿ, ಕಡೆಗೆ ‘ನನಗೆ ಲೆಕ್ಕ ಬಾರದು’ ಎಂದು ಕೈಬಿಡುವ ಅಪಾಯವಿದೆ.

ಈಗ ಮೊಬೈಲು, ಟ್ಯಾಬ್ಲೆಟ್ಟುಗಳಲ್ಲಿ ಲೆಕ್ಕ ಕಲಿಸುವುದಾಗಿ ಹೇಳಿಕೊಳ್ಳುವ ಆಟಗಳಿಗೆ ಮಿತಿಯಿಲ್ಲ. ಅವು ನಿಜವಾಗಿಯೂ ಕಲಿಸುವುವೆ? ಕಲಿಸುವುದಾದರೆ ಆಟದ ಯಾವ ಅಂಶ ಕಲಿಸುತ್ತದೆ? ಇದನ್ನು ತಿಳಿಯಲು, ವಿದ್ಯುತ್ತಿನ ಸೋಂಕೇ ಇಲ್ಲದ ಒಂದು ಹಲಗೆಯ ಆಟದಿಂದ ನಾವು ಹೊರಡುವುದು ಲೇಸು.

ಒಂದು ಗೆರೆಯನ್ನು ಎಳೆದು, ಅದರ ಎಡತುದಿಗೆ 0 ಎಂದೂ ಬಲತುದಿಗೆ 100 ಎಂದೂ ಬರೆದು, ‘ಹತ್ತು ಎಲ್ಲಿ ಬರುತ್ತದೆ, ಗುರುತು ಮಾಡು’ ಎಂದು ಎಳೆಯ ಮಗುವಿಗೆ ಹೇಳೋಣ. ಅದು ಸಾಮಾನ್ಯವಾಗಿ ಹತ್ತನ್ನು ಇರಬೇಕಾದ ಸ್ಥಳಕ್ಕಿಂತ ಬಹುದೂರ, ನಡುವಿನ ಕಡೆಗೆ ತಂದಿಡುತ್ತದೆ. ಸಣ್ಣ ಸಂಖ್ಯೆಗಳ ನಡುವೆ ಅದಕ್ಕೆ ವಿಶಾಲವಾದ ಅಂತರ ಕಾಣುತ್ತದೆ. ದೊಡ್ಡ ಸಂಖ್ಯೆಗಳೆಲ್ಲ ಕೊನೆಯಲ್ಲಿ ಒತ್ತೊತ್ತಾಗಿ ಕುಳಿತಿರುವಂತೆ ತೋರುತ್ತವೆ. ಒಂದರಿಂದ ಎರಡಕ್ಕೆ ಎಷ್ಟು ದೂರವೋ ತೊಂಬತ್ತರಿಂದ ತೊಂಬತ್ತೊಂದಕ್ಕೂ ಅಷ್ಟೇ ದೂರ ಎಂಬುದು ದೊಡ್ಡವರಾದ ನಮಗೆ ಸ್ವತಃಸಿದ್ಧವೆನಿಸಿದರೂ ಮಗುವಿಗೆ ಅದು ಕಲಿಯಬೇಕಾದ ವಿಷಯ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಇವರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಚಾರದಲ್ಲಿ ಪ್ರಸಿದ್ಧವಾಗಿವೆ. ಬಡ ಕುಟುಂಬಗಳ ಎಳೆಯ ಮಕ್ಕಳಿಗೆ ಅವರು ಒಂದು ಸರಳವಾದ ಆಟವನ್ನು ಕೊಟ್ಟರು. ಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಹತ್ತು ಸಮನಾದ ಮನೆಗಳು. ಅವುಗಳಲ್ಲಿ 1ರಿಂದ 10ರವರೆಗೆ ಅಂಕಿಗಳು. ತಿರುಗುವ ಮುಳ್ಳು ಒಂದನ್ನೋ ಎರಡನ್ನೋ ತೋರಿಸುತ್ತದೆ. ಮಗು ಅಷ್ಟು ಮನೆ ಕಾಯಿ ನಡೆಸುತ್ತ ಆಯಾ ಮನೆಯ ಅಂಕಿಯನ್ನು ಬಾಯಲ್ಲಿ ಹೇಳಬೇಕು. ಇನ್ನೊಂದು ಗುಂಪಿನ ಮಕ್ಕಳಿಗೂ ಇಂಥದೇ ಹಲಗೆ. ಆದರೆ ಮನೆಗಳಲ್ಲಿ ಅಂಕಿಗಳ ಬದಲು ಬಣ್ಣಗಳು. ಎರಡು ವಾರಗಳಲ್ಲಿ ನಾಲ್ಕು ಬಾರಿ, ಪ್ರತಿ ಸಲವೂ ಸುಮಾರು ಕಾಲು ಗಂಟೆ ಆಡಿದ್ದಷ್ಟೇ. ಅಂಕಿಯ ಹಲಗೆಯಲ್ಲಿ ಆಡಿದ ಮಕ್ಕಳು ಸಂಖ್ಯೆಗಳ ಸ್ಥಾನವನ್ನು ಗುರುತಿಸುವುದರಲ್ಲಿ ಸ್ಪಷ್ಟವಾಗಿ ಮುಂದುವರಿದರು. ಒಂಬತ್ತು ವಾರಗಳ ಅನಂತರ ಪರೀಕ್ಷಿಸಿದಾಗಲೂ ಆ ಪ್ರಗತಿ ಉಳಿದಿತ್ತು. ಬಣ್ಣದ ಹಲಗೆಯವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ.

ಇದಕ್ಕೆ ಕಾರಣವೇನು? ಕಾಯಿ ಮುಂದೆ ಹೋದಷ್ಟೂ ಅಂಕಿ ದೊಡ್ಡದಾಗುತ್ತದೆ. ಕೈ ನಡೆದ ದೂರ ಹೆಚ್ಚುತ್ತದೆ. ಹೇಳಿದ ಹೆಸರುಗಳೂ ಕಳೆದ ಹೊತ್ತೂ ಹೆಚ್ಚುತ್ತವೆ. ಹೀಗೆ ಕಣ್ಣು, ಕೈ, ಬಾಯಿ ಮೂರೂ ಸಂಖ್ಯೆಯ ಪ್ರಮಾಣಕ್ಕೆ ಒಟ್ಟಿಗೆ ಸಾಕ್ಷಿ ನುಡಿಯುತ್ತವೆ. ಹಲಗೆಯನ್ನು ವೃತ್ತಾಕಾರವಾಗಿ ಮಾಡಿದಾಗ ಫಲ ಕಡಿಮೆಯಾಯಿತೆಂಬುದು 2009ರಲ್ಲಿ ಕಂಡುಬಂತು. ಸೀಗ್ಲರ್ ಮತ್ತು ಎಲಿಡಾ ಲಾಸ್ಕಿ ಇವರು 2014ರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಅಂಶವನ್ನು ತೋರಿಸಿಕೊಟ್ಟರು. ಕಾಯಿ 25ರ ಮನೆಯಲ್ಲಿದ್ದು ಮೂರು ಬಿದ್ದರೆ, ‘ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು’ ಎಂದು ನಡೆಸಿದ ಮಕ್ಕಳು ಹೆಚ್ಚಾಗಿ ಕಲಿತರು. ‘ಒಂದು, ಎರಡು, ಮೂರು’ ಎಂದು ನಡೆಸಿದವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಹಲಗೆ ಒಂದೇ, ಎಣಿಸುವ ಕ್ರಮ ಮಾತ್ರ ಬೇರೆ. ನಮ್ಮ ಮನೆಗಳಲ್ಲಿ ಹಾವು ಏಣಿಯಾಟ ಆಡುವಾಗ ಮಕ್ಕಳು ಹೆಚ್ಚಾಗಿ ಎಣಿಸುವುದು ಈ ಎರಡನೆಯ ಕ್ರಮದಲ್ಲಿಯೇ ಎಂಬುದನ್ನು ವಾಚಕರು ಗಮನಿಸಬಹುದು.

ಹಾಗಾದರೆ ಯಂತ್ರದ ಆಟ ಇದಕ್ಕೆ ಏನನ್ನು ಸೇರಿಸಬಲ್ಲುದು? ಫ್ರಾನ್ಸಿನಲ್ಲಿ ಸ್ತಾನಿಸ್ಲಾಸ್ ದೆಹಾನ್ ಮತ್ತು ಆನಾ ವಿಲ್ಸನ್ ಇವರು ರಚಿಸಿ, 2006ರಲ್ಲಿ ವಿವರಿಸಿದ ‘ನಂಬರ್ ರೇಸ್’ ಎಂಬ ಕಂಪ್ಯೂಟರ್ ಆಟವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಪರದೆಯ ಮೇಲೆ ಎರಡು ರಾಶಿಗಳು ಕಾಣುತ್ತವೆ. ಹೆಚ್ಚಿರುವ ರಾಶಿಯನ್ನು ಮಗು ಆರಿಸಿಕೊಂಡು, ಅದರಲ್ಲಿ ಎಷ್ಟಿವೆಯೋ ಅಷ್ಟು ಮನೆ ಸಾಲಿನಲ್ಲಿ ಮುಂದೆ ಹೋಗುತ್ತದೆ. ಬರಬರುತ್ತ ರಾಶಿಗಳ ಸ್ಥಳದಲ್ಲಿ ಅಂಕಿಗಳು, ಆಮೇಲೆ ಕೂಡುವ, ಕಳೆಯುವ ಲೆಕ್ಕಗಳು ಬರುತ್ತವೆ. ಮಗುವಿನ ಉತ್ತರಗಳನ್ನು ಲೆಕ್ಕವಿಡುತ್ತ, ನಾಲ್ಕರಲ್ಲಿ ಸುಮಾರು ಮೂರು ಸರಿಯಾಗುವಷ್ಟು ಕಷ್ಟವನ್ನು ಯಂತ್ರವೇ ಹೊಂದಿಸುತ್ತದೆ. ತೀರ ಸುಲಭವಾದರೆ ಬೇಸರ. ತೀರ ಕಷ್ಟವಾದರೆ ಅಂಜಿಕೆ. ಈ ಎರಡರ ನಡುವಣ ದಾರಿಯಲ್ಲಿ ಪ್ರತಿಯೊಂದು ಮಗುವನ್ನೂ ಬೇರೆಬೇರೆಯಾಗಿ ನಡೆಸುವುದು ನಲವತ್ತು ಮಕ್ಕಳ ತರಗತಿಯಲ್ಲಿ ನಿಂತ ಉಪಾಧ್ಯಾಯರಿಗೆ ಬಹು ಕಷ್ಟ, ಯಂತ್ರಕ್ಕೆ ಸುಲಭ. ತಪ್ಪಾದುದನ್ನು ಅದು ಕೂಡಲೇ ತಿಳಿಸುತ್ತದೆ; ನೂರನೆಯ ಸಲ ಕೇಳಿದರೂ ಸಿಡುಕುವುದಿಲ್ಲ. ಮೊದಲ ಪ್ರಯೋಗದಲ್ಲಿ ಲೆಕ್ಕದಲ್ಲಿ ತೊಡಕಿದ್ದ ಒಂಬತ್ತು ಮಕ್ಕಳು ಐದು ವಾರ ಆಡಿ ಕೆಲವು ಸಾಮರ್ಥ್ಯಗಳಲ್ಲಿ ಉತ್ತಮಗೊಂಡರು. ಆದರೆ ಮಕ್ಕಳು ಕೆಲವರೇ. ಆಟವಾಡದ ಇನ್ನೊಂದು ಗುಂಪಿನೊಡನೆ ಹೋಲಿಕೆಯೂ ಇರಲಿಲ್ಲ. ಆದಕಾರಣ ಇದನ್ನು ಆರಂಭದ ಹೆಜ್ಜೆಯೆಂದಷ್ಟೇ ಎಣಿಸಬೇಕು.

ಆಟದಿಂದ ಪಾಠಕ್ಕೆ ದಾರಿ ತಾನಾಗಿಯೇ ತೆರೆದುಕೊಳ್ಳದು ಎಂಬ ಎಚ್ಚರಿಕೆ ನಮ್ಮ ದೆಹಲಿಯಿಂದಲೇ ಬಂದಿದೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 214 ಶಿಶುವಿಹಾರಗಳ 1,540 ಮಕ್ಕಳು ಭಾಗವಹಿಸಿದ್ದರು. ಅವರಲ್ಲಿ ಒಂದು ಭಾಗದ ಮಕ್ಕಳು ನಾಲ್ಕು ತಿಂಗಳು ಗಣಿತದ ಆಟಗಳನ್ನು ಆಡಿದರು. ಇವು ಯಂತ್ರದ ಆಟಗಳಲ್ಲದಿದ್ದರೂ ಪಾಠ ಒಂದೇ. ಪ್ರಮಾಣವನ್ನೂ ಆಕೃತಿಯನ್ನೂ ಕಣ್ಣಳತೆಯಿಂದ ಅರಿಯುವ ಶಕ್ತಿ ಆ ಮಕ್ಕಳಲ್ಲಿ ಬೆಳೆದು, ಬಹುಕಾಲ ಉಳಿಯಿತು. ಆದರೆ ಪ್ರಾಥಮಿಕ ಶಾಲೆಗೆ ಸೇರಿದ ಮೇಲೆ, ಅಂಕಿಗಳನ್ನು ಬರೆದು ಮಾಡುವ ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. ಎಂದರೆ, ಕಣ್ಣಿನ ಅರಿವಿಗೂ ಕಾಗದದ ಮೇಲಿನ ಅಂಕಿಗೂ ನಡುವೆ ಸೇತುವೆಯನ್ನು ಬೇರೆಯಾಗಿ ಕಟ್ಟಬೇಕಾಗುತ್ತದೆ.

ಆ ಸೇತುವೆಯ ಒಂದು ಕಂಬ ತಂದೆತಾಯಿಗಳೇ. ಷಿಕಾಗೋ ಪ್ರದೇಶದಲ್ಲಿ 587 ಒಂದನೆಯ ತರಗತಿಯ ಮಕ್ಕಳ ಕುಟುಂಬಗಳಿಗೆ ಟ್ಯಾಬ್ಲೆಟ್ಟು ಕೊಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪುಟ್ಟ ಕಥೆಯನ್ನೂ ಅದಕ್ಕೆ ಸಂಬಂಧಿಸಿದ ಲೆಕ್ಕಗಳನ್ನೂ ಒಳಗೊಂಡ ಆಪ್ ಒಂದನ್ನು ದೊಡ್ಡವರು ಮಕ್ಕಳೊಡನೆ ಕುಳಿತು ಓದಿದರು. ವರ್ಷದ ಕೊನೆಯಲ್ಲಿ ಹೆಚ್ಚಿನ ಪ್ರಯೋಜನ ಕಂಡದ್ದು, ಯಾರ ತಂದೆತಾಯಿಗಳಿಗೆ ಲೆಕ್ಕವೆಂದರೆ ಅಂಜಿಕೆಯೋ ಆ ಮಕ್ಕಳಲ್ಲಿ.

ಆದುದರಿಂದ ಆಟವನ್ನು ಆರಿಸುವಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಗೆಲ್ಲಲು ಮಗು ಗಣಿತವನ್ನೇ ಆಲೋಚಿಸಬೇಕೆ, ಅಥವಾ ಗಣಿತ ನಡುವೆ ಬರುವ ಸುಂಕದ ಕಟ್ಟೆಯೆ? ನಾಲ್ಕು ಉತ್ತರಗಳನ್ನು ಒಂದಾದ ಮೇಲೊಂದು ಒತ್ತಿ ನಕ್ಷತ್ರ ಗಳಿಸಬಹುದಾದರೆ ಮಗು ಕಲಿಯುವುದು ಒತ್ತುವುದನ್ನೇ ಹೊರತು ಲೆಕ್ಕವನ್ನಲ್ಲ. ಒಳ್ಳೆಯ ಆಟದಲ್ಲಿ ಆಟದ ನಡೆಯೇ ಗಣಿತದ ನಡೆಯಾಗಿರುತ್ತದೆ. ಅಂಥ ಆಟ ಬೆಲೆಬಾಳುವ ಯಂತ್ರದಲ್ಲಿಯೇ ದೊರೆಯಬೇಕೆಂದಿಲ್ಲ. ಮೊಬೈಲು ಇಲ್ಲದ ಮನೆಯವರು ಒಂದು ರಟ್ಟಿನ ಮೇಲೆ ಹತ್ತು ಮನೆ ಬರೆದು, ಕವಡೆ ಎರಡು ಹಿಡಿದು, ಮಗುವಿನೆದುರು ಕುಳಿತುಕೊಂಡರೂ ಸಾಕು. ಕಾಯಿ ಇಟ್ಟ ಮನೆಯ ಅಂಕಿಯನ್ನು ಅದರ ಬಾಯಿಂದಲೇ ಹೇಳಿಸುವುದನ್ನು ಮಾತ್ರ ಮರೆಯಬಾರದು.