ತೊಟ್ಟಿಲಿಗೂ ದುಡಿಮೆಗೂ ನಡುವಣ ದೂರ

ನಮ್ಮ ಹೆಂಗಸರು ಮನೆಯ ಹೊಸಿಲು ದಾಟಿ ದುಡಿಯತೊಡಗಿದುದು ಈಚಿನ ಕಾಲದ ಸಂಗತಿಯೆಂದು ಭಾವಿಸುವವರು ನಮ್ಮ ಹೊಲಗದ್ದೆಗಳ ಕಡೆಗೆ ಕಣ್ಣೆತ್ತಿ ನೋಡದವರೆಂದೇ ಹೇಳಬೇಕು. ನಾಟಿ, ಕಳೆ, ಕೊಯ್ಲುಗಳಲ್ಲಿಯೂ, ಹಾಲು ಕರೆಯುವುದರಲ್ಲಿಯೂ, ರೇಷ್ಮೆಹುಳುವಿಗೆ ಸೊಪ್ಪು ಹಾಕುವುದರಲ್ಲಿಯೂ, ಬೀಡಿ ಕಟ್ಟುವುದರಲ್ಲಿಯೂ ಹೆಂಗಸಿನ ಕೈಯಿಲ್ಲದೆ ಈ ನಾಡಿನ ಒಂದು ದಿನವೂ ಕಳೆದುದಿಲ್ಲ. ಆ ಕೈಗಳಲ್ಲಿ ಬಹುಪಾಲು ತಾಯಂದಿರ ಕೈಗಳೇ ಆಗಿದ್ದುವು. ಆದರೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದವಳ ಮಗು ಬದುವಿನ ಹೊಂಗೆಮರಕ್ಕೆ ಕಟ್ಟಿದ ಹಳೆಯ ಸೀರೆಯ ಜೋಲಿಯಲ್ಲಿ ಮಲಗಿರುತ್ತಿತ್ತು. ಅತ್ತರೆ ಕೇಳಿಸುವಷ್ಟು, ಕೆಸರುಗೈಯನ್ನು ಕಾಲುವೆಯಲ್ಲಿ ತೊಳೆದುಕೊಂಡು ಓಡಿಬಂದು ಹಾಲೂಡಿಸುವಷ್ಟು ಹತ್ತಿರದಲ್ಲಿ. ಆ ಬಾಳು ಸುಖದ್ದಾಗಿತ್ತೆಂದು ನಾನು ಹೇಳಲಾರೆ. ಎಷ್ಟೋ ಕೂಸುಗಳು ಆ ಜೋಲಿಗಳಲ್ಲಿ ಬಿಸಿಲಿಗೂ ಇರುವೆಗೂ ಈಡಾಗಿವೆ. ಆದರೂ ದುಡಿಮೆಯ ತಾಣಕ್ಕೂ ಕೂಸು ಮಲಗುವ ತಾಣಕ್ಕೂ ನಡುವೆ ಹರದಾರಿಗಟ್ಟಲೆ ದಾರಿ ಬಿದ್ದಿರಲಿಲ್ಲ. ಇಂದಿನ ಉದ್ಯೋಗಸ್ಥ ತಾಯಿಗೆ ಒದಗಿರುವ ಕಷ್ಟದಲ್ಲಿ ನಿಜವಾಗಿ ಹೊಸದಾದುದು ಆ ದೂರವೇ. ಉದ್ಯೋಗವನ್ನೂ ಸಂಸಾರವನ್ನೂ ಹೇಗೆ ಸರಿದೂಗಿಸುತ್ತೀಯೆ ಎಂದು ಆಕೆಯನ್ನು ಕೇಳುವವರು ಬಹುಮಂದಿ. ಆ ದೂರವನ್ನು ತಗ್ಗಿಸುವ ಹೊಣೆ ಯಾರದು, ಅದರ ವೆಚ್ಚವನ್ನು ಹೊರತಕ್ಕವರು ಯಾರು ಎಂದು ಕೇಳುವವರು ವಿರಳ. ಕೇಳಬೇಕಾದ ಪ್ರಶ್ನೆ ಈ ಎರಡನೆಯದೆಂಬುದು ನನ್ನ ದೃಢವಾದ ನಂಬಿಕೆ.

ಪ್ರಶ್ನೆಯೇನೋ ಹಳೆಯದು. 1919ರಲ್ಲಿ, ತಾನು ಹುಟ್ಟಿದ ವರ್ಷದಲ್ಲಿಯೇ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆರಿಗೆಯ ಕಾಲದ ರಕ್ಷಣೆಯನ್ನು ಕುರಿತು ಒಂದು ಒಡಂಬಡಿಕೆಯನ್ನು ಅಂಗೀಕರಿಸಿ, ಬಾಣಂತಿಗೆ ಸಲ್ಲಬೇಕಾದ ಹಣವು ಸರ್ಕಾರದ ಬೊಕ್ಕಸದಿಂದಲೋ ವಿಮೆಯ ವ್ಯವಸ್ಥೆಯಿಂದಲೋ ಬರತಕ್ಕದ್ದೆಂದು ವಿಧಿಸಿತು. 1928ರಲ್ಲಿ ಮುಂಬಯಿಯ ಶಾಸನಸಭೆಯ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿ, ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರಕುವುದು ರಾಷ್ಟ್ರದ ಹಿತವೇ ಆದಕಾರಣ ಅದರ ಭಾರವನ್ನು ಹೆಚ್ಚಾಗಿ ಸರ್ಕಾರವೇ ಹೊರಬೇಕಾದುದು ನ್ಯಾಯವೆಂದೂ, ಆದರೆ ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಅದರಿಂದ ನುಣುಚಿಕೊಳ್ಳುವಂತಿಲ್ಲವೆಂದೂ ವಾದಿಸಿದರು. ಮರುವರ್ಷ ಅದು ಕಾಯಿದೆಯಾಯಿತು. ಸ್ವಾತಂತ್ರ್ಯಾನಂತರ 1961ರಲ್ಲಿ ಸಂಸತ್ತು ಮಾತೃತ್ವ ಸೌಲಭ್ಯ ಕಾಯಿದೆಯನ್ನು ತಂದು 12 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವಿರತಕ್ಕದ್ದು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶವಿರತಕ್ಕದ್ದು ಎಂಬ ನಿಯಮವೂ ಆಗಲೇ ಸೇರಿತು. ಮಗುವಿಗೆ 15 ತಿಂಗಳು ತುಂಬುವ ತನಕ ಹಾಲೂಡಿಸಲು ದಿನಕ್ಕೆರಡು ಬಿಡುವುಗಳೆಂಬ ಹಕ್ಕು ಮೊದಲಿನಿಂದಲೂ ಇದ್ದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಇವೆಲ್ಲವನ್ನೂ ತನ್ನೊಳಗೆ ಉಳಿಸಿಕೊಂಡಿದೆ.

ಇಪ್ಪತ್ತಾರು ವಾರಗಳು ದೊಡ್ಡ ಉದಾರತೆಯೆಂಬುದರಲ್ಲಿ ಸಂದೇಹವಿಲ್ಲ. ಅಮೆರಿಕದಲ್ಲಿ ನೆಲಸಿರುವ ನಮ್ಮ ಕನ್ನಡತಿಯರಿಗೆ ಆ ದೇಶದ 1993ರ ಕಾಯಿದೆ ಕೊಡುವುದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ. ಆದರೆ ವೆಚ್ಚದ ಪ್ರಶ್ನೆಗೆ ಇಲ್ಲಿ ದೊರೆತಿರುವ ಉತ್ತರ ಅರೆಬರೆಯದು. ನೌಕರರ ರಾಜ್ಯ ವಿಮಾ ನಿಗಮದ (ಇಎಸ್‌ಐ) ವ್ಯಾಪ್ತಿಗೆ ಸೇರಿದ ಕಾರ್ಮಿಕಳಿಗೆ ಹೆರಿಗೆಯ ಕಾಲದ ಹಣವನ್ನು ಆ ನಿಗಮವು ವಿಮೆಯಿಂದ ಕೊಡುತ್ತದೆ. ತಿಂಗಳ ವೇತನ 21,000 ರೂಪಾಯಿಯ ಮಿತಿಯನ್ನು ದಾಟಿದವಳಿಗಾದರೋ ಆರು ತಿಂಗಳ ಸಂಬಳವನ್ನು ಪೂರ್ತಿಯಾಗಿ ಮಾಲೀಕನೇ ಕೊಡಬೇಕು. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲ. ಹತ್ತು ಹದಿನೈದು ಮಂದಿಯ ಸಣ್ಣ ಸಂಸ್ಥೆಗೆ ಅದು ಭಾರವೇ. ಆ ಭಾರವನ್ನು ತಪ್ಪಿಸಿಕೊಳ್ಳುವ ಸುಲಭೋಪಾಯವೆಂದರೆ ಪ್ರಾಯದ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಇರುವುದು. ಸಂದರ್ಶನದ ಕೊಠಡಿಯಲ್ಲಿ “ಮದುವೆ ಆಗಿ ಎಷ್ಟು ದಿನ ಆಯ್ತಮ್ಮ?” ಎಂದು ನಗುನಗುತ್ತಲೇ ಕೇಳುವ ಪ್ರಶ್ನೆಯ ಬೇರು ಇಲ್ಲಿದೆ. ತಾಯ್ತನದ ವೆಚ್ಚವನ್ನು ಸಮಾಜವೆಲ್ಲ ಹಂಚಿಕೊಳ್ಳದೆ ಒಬ್ಬ ಮಾಲೀಕನ ತಲೆಗೆ ಕಟ್ಟಿದರೆ, ಅವನು ಅದನ್ನು ಮೆಲ್ಲಗೆ ಹೆಂಗಸಿನ ತಲೆಗೇ ದಾಟಿಸುತ್ತಾನೆ. ನೂರು ವರ್ಷಗಳ ಹಿಂದಿನ ಆ ಒಡಂಬಡಿಕೆಯನ್ನು ಬರೆದವರಿಗೆ ಇದು ತಿಳಿದಿತ್ತು. ನಮ್ಮ ಶಾಸನಕರ್ತರು ಅದನ್ನು ಏತಕ್ಕೆ ಮರೆತರೋ ನಾನರಿಯೆ.

ಇನ್ನು ಒಂದು ಸಣ್ಣ ಲೆಕ್ಕವನ್ನು ಓದುಗರು ನನ್ನೊಡನೆ ಮಾಡಬೇಕು. ರಜೆ ಮುಗಿಯುವಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು. 1975ರ ಅಕ್ಟೋಬರ್ 2ರಂದು ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಫಲವಾದ ನಮ್ಮ ಅಂಗನವಾಡಿ ಮಗುವನ್ನು ಹಗಲು ಕೂರಿಸಿಕೊಂಡು ಆಡಿಸಿ ಕಲಿಸುವುದು ಮೂರು ವರ್ಷ ತುಂಬಿದ ಮೇಲೆ; ಅದಕ್ಕಿಂತ ಚಿಕ್ಕದಕ್ಕೆ ಆಹಾರದ ಪೊಟ್ಟಣವನ್ನು ಮನೆಗೆ ಕೊಟ್ಟು ಕಳುಹಿಸುತ್ತದೆ. ನಡುವಣ ಎರಡೂವರೆ ವರ್ಷಗಳು ಯಾರಿಗೂ ಸೇರಿದವಲ್ಲ. ಮಗು ಬೋರಲಾಗಿ, ಅಂಬೆಗಾಲಿಟ್ಟು, ತೊದಲಿ, ಬಿದ್ದು, ಎದ್ದು, ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು, ಒಂದು ಕ್ಷಣವೂ ಕಣ್ಣು ತಪ್ಪಿಸಲಾಗದಂತೆ ಬೆಳೆಯುವ ವರ್ಷಗಳು ಅವೇ. ಉದ್ಯೋಗವನ್ನು ಬಿಟ್ಟುಕೊಡುವ ಹೆಂಗಸು ಬಹುಮಟ್ಟಿಗೆ ಬಿಡುವುದು ಆ ಕಾಲದಲ್ಲಿಯೇ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ, ಜನರೆಲ್ಲ ಗಾರ್ಮೆಂಟ್ಸ್ ಎಂದು ಕರೆಯುವಲ್ಲಿ, ಈ ಸಂಕಟ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಹಲವರು ಹಳ್ಳಿಗಳಿಂದ ಬಂದು ಒಂದು ಕೋಣೆಯ ವಠಾರದ ಮನೆಯಲ್ಲಿ ಬಾಡಿಗೆಗಿರುವವರು. ನಸುಕಿನಲ್ಲೆದ್ದು ನಲ್ಲಿಯ ನೀರು ಹಿಡಿದು, ಅನ್ನ ಸಾರು ಮಾಡಿ, ಮೂರು ಡಬ್ಬಿ ತುಂಬಿ, ಮಲಗಿರುವ ಮಗುವಿನ ಕಾಲಿಗೆ ಚಡ್ಡಿ ತೊಡಿಸುತ್ತಲೇ ಹೆಗಲಿಗೆ ಹಾಕಿಕೊಂಡು ಹೊರಟ ತಾಯಿ ಕಾರ್ಖಾನೆಯ ಬಾಗಿಲಿಗೆ ಬರುವಾಗ ಬೆರಳೊತ್ತುವ ಯಂತ್ರದ ಮುಂದೆ ಸಾಲು ನಿಂತಿರುತ್ತದೆ. ಅಂಥದೊಂದು ಕಾರ್ಖಾನೆಯ ಕೂಸಿನ ಕೋಣೆಯ ಮುಂದೆ ನಾನು ಕೇಳಿದ ಮಾತು ಇಷ್ಟೇ. “ಅಕ್ಕಾ, ರಾತ್ರಿಯೆಲ್ಲ ಮೂಗು ಕಟ್ಟಿತ್ತು, ಮಧ್ಯಾಹ್ನ ಒಂಚೂರು ಬಿಸಿನೀರು ಕುಡಿಸ್ತೀರಾ?” “ನೀನು ಹೋಗಮ್ಮ, ಮೊದ್ಲು ಪಂಚ್ ಮಾಡು. ನಾನು ನೋಡ್ಕೋತೀನಿ.” ಮಗು ತಾಯಿಯ ಸೆರಗಿನ ತುದಿಯನ್ನು ಬಿಡಲೊಲ್ಲದು; ಆಯಾ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೆರಗಿಗೆ ಬದಲಾಗಿ ಒಂದು ಬಣ್ಣದ ಬಟ್ಟೆಯ ತುಂಡನ್ನು ಆ ಮುಷ್ಟಿಯೊಳಗೆ ಇಟ್ಟಳು. ತಾಯಿ ತಿರುಗಿ ನೋಡಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲವೆಂಬುದು ಅವಳಿಗೆ ಗೊತ್ತು.

ಒಳಗೆ ಹೋದ ಮೇಲೆ ದಿನಕ್ಕೆ ನಾಲ್ಕು ಸಲದ ಆ ಹಕ್ಕು ಏನಾಗುತ್ತದೆ? ಬಟ್ಟೆ ಹೊಲಿಯುವುದು ಸಾಲುಸಾಲಾಗಿ. ಒಬ್ಬಳು ಕಾಲರು, ಇನ್ನೊಬ್ಬಳು ತೋಳು, ಮತ್ತೊಬ್ಬಳು ಜೇಬು ಕೂರಿಸುತ್ತ ಹೋಗುವ ಆ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಇರುತ್ತದೆ. ಒಬ್ಬಳು ಎದ್ದುಹೋದರೆ ಅವಳ ಮೆಷಿನ್ನಿನ ಮುಂದೆ ಪೀಸುಗಳು ಗುಡ್ಡೆ ಬೀಳುತ್ತವೆ, ಅವಳ ಮುಂದಿನವಳು ಕೈ ಖಾಲಿಯಾಗಿ ಕೂರುತ್ತಾಳೆ, ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿದ್ದರೂ, ರವಿಕೆ ಒದ್ದೆಯಾಗುತ್ತಿದ್ದರೂ ತಾಯಿ ಊಟದ ಗಂಟೆಯವರೆಗೆ ತಡೆದುಕೊಳ್ಳುವುದು ಇದಕ್ಕಾಗಿಯೇ. ಕಾಯಿದೆ ಕೊಟ್ಟ ಬಿಡುವನ್ನು ಟಾರ್ಗೆಟ್ಟಿನ ಲೆಕ್ಕದಲ್ಲಿ ಕಳೆದು ಬರೆದುಕೊಂಡರೆ, ಲೈನಿಗೊಬ್ಬ ಬದಲಿ ಟೈಲರನ್ನು ಇಟ್ಟರೆ ಈ ಹಿಂಸೆ ತಪ್ಪುತ್ತದೆ. ಬೇರೆ ಯಾವ ಮಹಾ ಸುಧಾರಣೆಯೂ ಬೇಕಿಲ್ಲ.

ಕೂಸಿನ ಕೋಣೆಯಿದ್ದೂ ಬರಿದಾಗಿರುವ ಕಾರ್ಖಾನೆಗಳುಂಟು. ಅದನ್ನು ತೋರಿಸಿ ‘ಇವರಿಗೆ ಬೇಕಿಲ್ಲ’ ಎನ್ನುವ ಆಡಳಿತಗಾರರು ಒಂದು ಸಲ ಬೆಳಗಿನ ಬಸ್ಸಿನಲ್ಲಿ ಆರು ತಿಂಗಳ ಕೂಸನ್ನೆತ್ತಿಕೊಂಡು ನಿಂತು ಪಯಣಿಸಬೇಕು. ಉಸಿರಾಡಲೆಡೆಯಿಲ್ಲದ ಆ ನೂಕುನುಗ್ಗಲಿಗಿಂತ ಮಗುವನ್ನು ಊರಿನಲ್ಲಿ ತನ್ನ ತಾಯಿಯ ಬಳಿ ಬಿಟ್ಟು, ಹಬ್ಬಕ್ಕೊಮ್ಮೆ ಹೋಗಿ ನೋಡಿ, ಅದು ತನ್ನ ಗುರುತು ಹಿಡಿಯದೆ ಅಜ್ಜಿಯ ಮಡಿಲಿಗೆ ಓಡುವುದನ್ನು ಕಂಡು ಅತ್ತು ಬರುವುದನ್ನೇ ಅನೇಕರು ಆರಿಸಿಕೊಳ್ಳುತ್ತಾರೆ. ಕೇಂದ್ರವನ್ನು ಹಲವು ಸಂಸ್ಥೆಗಳು ಕೂಡಿ ಸಾಮಾನ್ಯವಾಗಿ ನಡೆಸಲೂ ಕಾಯಿದೆಯಲ್ಲಿ ಎಡೆಯಿದೆ. ನಾಲ್ಕು ಕಾರ್ಖಾನೆಗಳು ಸೇರಿ, ತಮ್ಮ ಕೆಲಸಗಾರರು ಬಾಡಿಗೆಗಿರುವ ಬಡಾವಣೆಯಲ್ಲಿಯೇ ಒಂದು ಮನೆಯನ್ನು ಹಿಡಿದು ನಡೆಸಿದರೆ ತಾಯಿ ಕೂಸನ್ನು ಹೊತ್ತು ಬಸ್ಸು ಹತ್ತಬೇಕಾಗಿಲ್ಲ. ಮೊಲೆಯುಣ್ಣುವ ಕೂಸಿಗೆ ಕಾರ್ಖಾನೆಯ ಕೋಣೆ, ಮೊಲೆ ಬಿಟ್ಟ ಮಗುವಿಗೆ ಬಡಾವಣೆಯ ಮನೆ ಎಂದು ಎರಡೂ ಇರುವುದು ಉತ್ತಮ.

ಇವರಲ್ಲಿ ಎಷ್ಟೋ ಮಂದಿ ಹೆರಿಗೆಗೋ ಮಗುವಿನ ಶಾಲೆಯ ಫೀಜಿಗೋ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಿಎಫ್ ಹಣವನ್ನು ಬಿಡಿಸಿಕೊಂಡು, ಆಮೇಲೆ ಬೇರೊಂದು ಕಾರ್ಖಾನೆಗೆ ಹೊಸಬರಾಗಿ ಸೇರುತ್ತಾರೆ. ವರ್ಷಗಟ್ಟಲೆಯ ಸೇವೆ ಹೀಗೆ ಕೊಚ್ಚಿಹೋಗುತ್ತದೆಂದು ತಿಳಿದವರು ಹೇಳುವುದು ನಿಜವೇ. ಆದರೆ ಕೈಯಲ್ಲಿ ಬೇರೆ ಗಂಟಿಲ್ಲದವಳಿಗೆ ಅದೊಂದೇ ಗಂಟು. 2016ರಲ್ಲಿ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲವೆಂಬ ನಿಯಮ ಹೊರಟಾಗ, ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆಯಾಗಿ ಬೀದಿಗಿಳಿದು ಹೊಸೂರು ರಸ್ತೆಯನ್ನು ತಡೆದು ನಿಂತರು. ಮರುದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅದನ್ನು ಕೇವಲ ಹಣದ ಗಲಾಟೆಯೆಂದು ಬಗೆದವರಿಗೆ ಆ ಹಣ ಯಾರ ಬಾಣಂತನಕ್ಕೆ, ಯಾರ ಪುಸ್ತಕಕ್ಕೆ ಹೋಗುತ್ತಿತ್ತೆಂಬುದು ತಿಳಿಯದು.

ಮಧ್ಯಮವರ್ಗದ ಮನೆಗಳಲ್ಲಿ ಆ ಎರಡೂವರೆ ವರ್ಷಗಳನ್ನು ತುಂಬುತ್ತಿರುವವಳು ಅಜ್ಜಿ. ಬ್ಯಾಂಕಿನಲ್ಲಿಯೋ ಸಾಫ್ಟ್‌ವೇರ್ ಕಂಪನಿಯಲ್ಲಿಯೋ ಇರುವ ಮಗಳಿಗಾಗಿ, ಸೊಸೆಗಾಗಿ, ಶಿವಮೊಗ್ಗದಿಂದಲೋ ಧಾರವಾಡದಿಂದಲೋ ಬೆಂಗಳೂರಿನ ಐದನೆಯ ಅಂತಸ್ತಿಗೆ ಬಂದು ಸೇರಿ, ಮಂಡಿನೋವಿನ ಕಾಲಿನಲ್ಲಿ ತೆವಳುವ ಮಗುವಿನ ಹಿಂದೆ ದಿನವಿಡೀ ಓಡಾಡುವ ಈಕೆಯ ದುಡಿಮೆಯನ್ನು ಯಾರೂ ದುಡಿಮೆಯೆಂದು ಎಣಿಸಿದ್ದಿಲ್ಲ. ಯಜಮಾನರು ಊರಿನ ಮನೆಯಲ್ಲಿ ತಾವೇ ಅಕ್ಕಿ ತೊಳೆದಿಟ್ಟುಕೊಂಡು ಒಬ್ಬರೇ ಇರುತ್ತಾರೆ. ಹೊರದೇಶದಲ್ಲಿರುವ ಮಕ್ಕಳಿಗಾದರೆ ತಾಯಿ ಆರು ತಿಂಗಳು, ಅತ್ತೆ ಆರು ತಿಂಗಳು ಎಂದು ವೀಸಾ ನೋಡಿಕೊಂಡು ಸರದಿ ಏರ್ಪಡುತ್ತದೆ. ಇದರಲ್ಲಿರುವ ಮಮತೆ ನಿಜವಾದುದು; ಮೊಮ್ಮಗುವಿನ ಒಡನಾಟ ಮುಪ್ಪಿನ ದೊಡ್ಡ ಸಂತೋಷವೆಂಬುದೂ ನಿಜ. ಆದರೆ ಮೂವತ್ತು ವರ್ಷ ಒಂದು ಸಂಸಾರ ಸಾಕಿ ದಣಿದವಳಿಗೆ ‘ಈಗ ಬರಲಾರೆನಮ್ಮ’ ಎನ್ನುವ ಸ್ವಾತಂತ್ರ್ಯ ಉಳಿದಿದೆಯೆ ಎಂಬುದನ್ನು ಮಕ್ಕಳು ಒಮ್ಮೆ ಕೇಳಿ ನೋಡಬೇಕು.

ಗಂಡಂದಿರ ಮಾತು ಬಂದರೆ ಅಂಕಿಗಳೇ ಸಾಕ್ಷಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆಯ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಹೆಂಗಸು ದಿನಕ್ಕೆ ಅದಕ್ಕಾಗಿ ಕಳೆಯುವುದು 299 ನಿಮಿಷ, ಗಂಡಸು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಆಕೆಯದು 289ಕ್ಕೆ ಇಳಿದರೆ ಆತನದೂ 88ಕ್ಕೆ ಇಳಿಯಿತು. ಈ ನಿಮಿಷಗಳಲ್ಲಿಯೂ ಸೇರದ ಒಂದು ಕೆಲಸವುಂಟು, ಅದು ನೆನಪಿಟ್ಟುಕೊಳ್ಳುವುದು. ಲಸಿಕೆಯ ಮುಂದಿನ ದಿನಾಂಕ, ಮುಗಿಯಲಿರುವ ಗ್ಯಾಸು, ನಾಳೆ ಶಾಲೆಗೆ ಬೇಕಾದ ಬಿಳಿಯ ಕಾಲುಚೀಲ, ಮಗುವಿಗೆ ಯಾವ ಔಷಧ ಒಗ್ಗುವುದಿಲ್ಲವೆಂಬುದು. ಇಷ್ಟೂ ಕಛೇರಿಯ ಕಡತದ ಮುಂದೆ ಕೂತಾಗಲೂ ತಾಯಿಯ ತಲೆಯಲ್ಲಿಯೇ ಇರುತ್ತವೆ. ಹೇಳಿದ್ದನ್ನು ಮಾಡಿಕೊಡುವ ಗಂಡನಿಂದ ಈ ಭಾರ ಇಳಿಯುವುದಿಲ್ಲ. ವೈದ್ಯರ ಬಳಿಗೆ ಒಯ್ಯುವುದು ನನ್ನ ಪಾಲು ಎಂದು ಮೊದಲಿನಿಂದ ಕಡೆಯವರೆಗೆ ತಾನೇ ವಹಿಸಿಕೊಂಡು, ಹೆಂಡತಿ ಅದನ್ನು ಮರೆತೇಬಿಡಬಹುದಾದಂತೆ ಮಾಡಿದಾಗ ಮಾತ್ರ ಇಳಿಯುತ್ತದೆ. ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯನ್ನೂ ತಂದೆಗೆ ಹೆರಿಗೆಯ ಕಾಲದಲ್ಲಿ 15 ದಿನಗಳನ್ನೂ ಕೊಡುತ್ತದೆ. ಮಗುವನ್ನು ಸಾಕುವವರು ಯಾರೆಂದು ಸರ್ಕಾರವೂ ನಂಬಿದೆಯೆಂಬುದು ಇದರಿಂದ ತಿಳಿಯುತ್ತದೆ.

ದೆಹಲಿಯಲ್ಲಿ 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ಕಟ್ಟಡದ ಕೆಲಸ ನಡೆಯುತ್ತಿದ್ದಲ್ಲಿ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಒಂದು ಡೇರೆಯನ್ನು ಹಾಕಿ ಮೊಬೈಲ್ ಕ್ರೆಷಸ್ ಸಂಸ್ಥೆಗೆ ನಾಂದಿಯಿಟ್ಟರು. ನಮ್ಮ ರಾಜ್ಯದಲ್ಲಿ 2023–24ರ ಬಜೆಟ್ಟಿನಲ್ಲಿ ಘೋಷಿತವಾದ ‘ಕೂಸಿನ ಮನೆ’ ಆ ದಾರಿಯದೇ ಒಂದು ಹೆಜ್ಜೆ: 4,000 ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು, ಆರು ತಿಂಗಳು ತುಂಬಿದವರಿಂದ ಮೊದಲುಗೊಂಡು, ಅದೇ ಊರಿನ ತರಬೇತಾದ ಹೆಂಗಸರು ನೋಡಿಕೊಳ್ಳುವ ಏರ್ಪಾಡು. ಯಾರದೂ ಅಲ್ಲದ ಎರಡೂವರೆ ವರ್ಷಗಳನ್ನು ಸರ್ಕಾರ ತನ್ನದೆಂದು ಒಪ್ಪಿಕೊಂಡುದು ಇದರಲ್ಲಿ ಎಂಬ ಕಾರಣಕ್ಕೆ ನನಗೆ ಈ ಯೋಜನೆಯಲ್ಲಿ ತುಂಬ ಆದರವಿದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳಿಗೆ ಹೊತ್ತಿಗೆ ಸರಿಯಾಗಿ ಕೂಲಿ ಸಿಗಬೇಕು, ಏಕೆಂದರೆ ಅವಳೂ ತಾಯಿಯೇ; ಅಂಗನವಾಡಿಯ ಕಾರ್ಯಕರ್ತೆಯನ್ನು ಗೌರವಧನದ ಹೆಸರಿನಲ್ಲಿ ದುಡಿಸಿಕೊಂಡಂತೆ ಇವಳನ್ನೂ ದುಡಿಸಿಕೊಳ್ಳಬಾರದು. ಹಳ್ಳಿಗೆ ಬಂದ ಈ ಮನೆ ಪೇಟೆಗೂ ಬರಬೇಕು: ಬೆಂಗಳೂರಿನ ಲಗ್ಗೆರೆಗೆ, ಗಾರ್ವೇಭಾವಿಪಾಳ್ಯಕ್ಕೆ, ಮನೆಗೆಲಸದವರೂ ಪೌರಕಾರ್ಮಿಕರೂ ಗಾರ್ಮೆಂಟ್ಸಿನವರೂ ಒತ್ತೊತ್ತಾಗಿ ಬದುಕುವ ಬಡಾವಣೆಗಳಿಗೆಲ್ಲ. ಅದರ ಬಾಗಿಲು ತೆರೆಯುವುದು ಸರ್ಕಾರಿ ಕಛೇರಿಯ ಹತ್ತು ಗಂಟೆಗಾದರೆ ಪ್ರಯೋಜನವಿಲ್ಲ. ಪೌರಕಾರ್ಮಿಕ ಹೆಂಗಸು ಪೊರಕೆ ಹಿಡಿದು ಹೊರಡುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಗಾರ್ಮೆಂಟ್ಸಿನವಳು ಓಟಿ ಮುಗಿಸಿ ಬಸ್ಸಿಳಿಯುವಾಗ ಬೀದಿಯ ದೀಪ ಹತ್ತಿರುತ್ತದೆ. ಆ ಮನೆಯ ವೇಳಾಪಟ್ಟಿಯನ್ನು ಬರೆಯುವ ಅಧಿಕಾರಿಗಳು ಮೊದಲು ಇವರಿಬ್ಬರನ್ನೂ ಕೂರಿಸಿಕೊಂಡು ಕೇಳಿಕೊಳ್ಳಲಿ.