ಕನ್ನಡ ಹೆಸರಿಗೆ ಮರಾಠಿ ಲಿಪಿ: ಮಕ್ಕಳೇ ಕಟ್ಟಿ ಓಡಿಸಬಹುದಾದ ಸರ್ವರ್

ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಮನೆಯವರೆಲ್ಲ ಒಂದು ಮೊಬೈಲಿನ ಸುತ್ತ ಕೂಡುತ್ತಾರೆ. ಆಸನ ಸಂಖ್ಯೆ ಹಾಕಬೇಕು, ತಾಯಿಯ ಹೆಸರು ಹಾಕಬೇಕು, ಗುಂಡಿ ಒತ್ತಬೇಕು. ಕ್ಷಣದಲ್ಲಿ ಅಂಕಗಳು ಬರುತ್ತವೆ. ಇಲ್ಲಿ ಕೇಳಿದ ಮೊಬೈಲ್ ಕ್ಲೈಂಟ್. ಎಲ್ಲೋ ಇದ್ದು ಉತ್ತರ ಕಳಿಸಿದ ಕಂಪ್ಯೂಟರ್ ಸರ್ವರ್. ಅದೇ ಅಂಕಪಟ್ಟಿಯನ್ನು ಡಿಜಿಲಾಕರ್‌ನಲ್ಲಿ ತೆರೆದರೆ, ನಮ್ಮ ಪರವಾಗಿ ಒಂದು ಕಂಪ್ಯೂಟರ್ ಇನ್ನೊಂದು ಕಂಪ್ಯೂಟರನ್ನು ಕೇಳಿ ತರುತ್ತದೆ. ಹೀಗೆ ಯಂತ್ರದ ಪ್ರಶ್ನೆಗೆ ಯಂತ್ರವೇ ಉತ್ತರ ಕೊಡುವ ಏರ್ಪಾಟಿಗೆ ವೆಬ್ ಸರ್ವಿಸ್ ಎಂದು ಹೆಸರು.

ಇದು ಇಂಗ್ಲಿಷ್ ಮಾಧ್ಯಮದ ಮಕ್ಕಳ ಕೆಲಸ ಎಂಬ ಮಾತು ಇಚಲಕರಂಜಿಯ ಮಗ್ಗದ ಓಣಿಗಳಲ್ಲೂ ಗಡಹಿಂಗ್ಲಜ ತಾಲ್ಲೂಕಿನ ಹಳ್ಳಿಗಳಲ್ಲೂ ಕೇಳಿಬರುತ್ತದೆ. ಕಂಪ್ಯೂಟರಿನ ಭಯಕ್ಕೇ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ಪಾಲಕರಿದ್ದಾರೆ. ಬಿಡಿಸುವ ಮೊದಲು ಒಂದು ರವಿವಾರ ಈ ಪ್ರಯೋಗ ಮಾಡಿ ನೋಡಿ ಎಂಬುದು ನನ್ನ ವಿನಂತಿ. ಎಂಟನೆಯ ಇಯತ್ತೆಯ ಮಗು, ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಮೊಬೈಲ್ ಇದ್ದರೆ ಸಾಕು. ಲ್ಯಾಪ್‌ಟಾಪಿಗೆ ಪೈಥಾನ್ ಎಂಬ ಉಚಿತ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಳ್ಳಬೇಕು.

ಮಾದರಿ ಸರ್ವರ್ ಕಟ್ಟುವಾಗ ಪುಸ್ತಕಗಳು ಸಾಮಾನ್ಯವಾಗಿ ಎರಡು ಸಂಖ್ಯೆ ಕೂಡಿಸುವ ಲೆಕ್ಕ ಕೊಡುತ್ತವೆ. ನಮ್ಮ ಗಡಿಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಲೆಕ್ಕವಿದೆ. ಕನ್ನಡದಲ್ಲಿ ಬರೆದ ಹೆಸರನ್ನು ಕ್ಲೈಂಟ್ ಕಳಿಸಬೇಕು, ಸರ್ವರ್ ಅದನ್ನು ಮರಾಠಿಯ ದೇವನಾಗರಿ ಲಿಪಿಯಲ್ಲಿ ತಿರುಗಿ ಕೊಡಬೇಕು. ಬೇಕಾಗುವ ಗಣಿತ ಬರೀ ವಜಾಬಾಕಿ.

ಅದು ಹೇಗೆಂದರೆ, ಯುನಿಕೋಡ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು, ದೇವನಾಗರಿಗೆ 2304ರಿಂದ 2431ರವರೆಗಿನ 128 ಮನೆಗಳು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅನುಕ್ರಮ ಹಾಕಿದ್ದು ಇಸ್ಕಿ ಎಂಬ ನಮ್ಮದೇ ದೇಶದ ಸಂಕೇತ ಪದ್ಧತಿ. 1988ರ ಆ ಅನುಕ್ರಮವನ್ನು ಯುನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿ ಹಾಗೆಯೇ ಇಟ್ಟುಕೊಂಡಿತು. ಕನ್ನಡದ ‘ಅ’ 3205, ದೇವನಾಗರಿಯ ‘ಅ’ 2309. ಕನ್ನಡದ ‘ಕ’ 3221, ದೇವನಾಗರಿಯ ‘ಕ’ 2325. ಎಲ್ಲಿ ಕಳೆದರೂ ವ್ಯತ್ಯಾಸ 896. ಹೆಸರಿನ ಪ್ರತಿ ಸಂಖ್ಯೆಯಿಂದ 896 ಕಳೆದರೆ ಲಿಪಿ ಬದಲಾಯಿತು. (ನಾನು ಕನ್ನಡದ ಜತೆ ತಮಿಳನ್ನೂ ಶಾಲೆಯಲ್ಲೇ ಓದಿದವನು. ತಮಿಳಿಗೆ 256 ಕಳೆಯಬೇಕು. ಆದರೆ ಅಲ್ಲಿ ‘ಗ’, ‘ಡ’ಗಳಿಗೆ ಪ್ರತ್ಯೇಕ ಅಕ್ಷರವಿಲ್ಲ, ಆ ಮನೆಗಳು ಖಾಲಿ. ಗಡಹಿಂಗ್ಲಜ ಎಂದು ಕಳಿಸಿದರೆ ಮೊದಲೆರಡು ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ.)

ಸರ್ವರ್ ಪ್ರೋಗ್ರಾಂ ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ. ಪ್ರಶ್ನೆ ಬರುವವರೆಗೆ ಕಾಯಬೇಕು, ಹೆಸರು ತೆಗೆದುಕೊಳ್ಳಬೇಕು, ಕಳೆಯಬೇಕು, ಉತ್ತರ ಬರೆಯಬೇಕು. ಕ್ಲೈಂಟ್ ಐದಾರು ಸಾಲು; ಮೊಬೈಲಿನ ಬ್ರೌಸರನ್ನೇ ಕ್ಲೈಂಟ್ ಮಾಡಿಕೊಂಡರೆ ಅದನ್ನೂ ಬರೆಯಬೇಕಿಲ್ಲ. ‘ಇಫ್’, ‘ಫಾರ್’, ‘ರಿಟರ್ನ್’ ಇಂಥ ಕೆಲವೇ ಇಂಗ್ಲಿಷ್ ಶಬ್ದ ಬೇಕು. ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ಮಗು ತಾನು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಸಾಲಿನ ಆರಂಭದಲ್ಲಿ ಬಿಡುವ ಜಾಗ ಮಾತ್ರ ಹೆಚ್ಚುಕಡಿಮೆ ಆಗಬಾರದು. ಕಾಪಿ ಪುಸ್ತಕದಲ್ಲಿ ಅಂಚು ಬಿಟ್ಟು ಬರೆಯಲು ಕಲಿತವರಿಗೆ ಅದು ಕಷ್ಟವಲ್ಲ.

ಮೊದಲು ಎರಡನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಓಡಿಸಿ. ಆಗ ಸರ್ವರ್ ವಿಳಾಸ 127.0.0.1, ಬಾಗಿಲು ಸಂಖ್ಯೆ 8000. ಆ ಮೇಲೆ ಮೊಬೈಲನ್ನೂ ಲ್ಯಾಪ್‌ಟಾಪನ್ನೂ ಒಂದೇ ವೈಫೈಗೆ ಸೇರಿಸಿ ಮೊಬೈಲಿನಿಂದ ಕೇಳಿ. ಹೊರಗಿನ ಇಂಟರ್ನೆಟ್ ಇಲ್ಲದೆಯೂ ಈ ಮಾತುಕತೆ ನಡೆಯುತ್ತದೆ. ವಿಂಡೋಸ್ ಅನುಮತಿ ಕೇಳಿದರೆ ಮನೆಯ ವೈಫೈಗೆ ಮಾತ್ರ ಕೊಡಿ.

ಅಡಚಣೆಗಳು ಬಂದೇ ಬರುತ್ತವೆ, ಬರಲಿ. ‘ಸಂಪರ್ಕ ಸಿಗಲಿಲ್ಲ’ ಎಂದರೆ ಸರ್ವರ್ ಓಡುತ್ತಿದ್ದ ಕಪ್ಪು ಕಿಟಕಿಯನ್ನು ಯಾರೋ ಮುಚ್ಚಿರುತ್ತಾರೆ, ಇಲ್ಲವೇ ವಿಳಾಸ ತಪ್ಪಿರುತ್ತದೆ. 404 ಎಂದು ಬಂದರೆ ಬೇರೆ ಅರ್ಥ: ಅಂಗಡಿ ತೆರೆದಿದೆ, ಕೇಳಿದ ಸಾಮಾನು ಇಲ್ಲ. ವಿಳಾಸದಲ್ಲಿ ಕನ್ನಡ ಹಾಕಿದಾಗ ಅದು ಶೇಕಡಾ ಚಿಹ್ನೆಗಳ ಉದ್ದ ಸಾಲಾಗುವುದನ್ನು ಕಂಡು ಗಾಬರಿಯಾಗಬೇಡಿ. ಕನ್ನಡದ ಒಂದು ಅಕ್ಷರ ಮೂರು ಬೈಟ್ ಆಗಿ ಹೋಗುತ್ತದೆ, ಪ್ರತಿ ಬೈಟಿಗೆ ಮೂರು ಚಿಹ್ನೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಕಾಣುವ ಸಾಲೂ ಇದೇ. ಉತ್ತರ ಅರ್ಥವಿಲ್ಲದ ಚಿಹ್ನೆಗಳಾಗಿ ಬಂದರೆ, ‘ಇದು ಯುಟಿಎಫ್-8’ ಎಂದು ಸರ್ವರ್ ತಿಳಿಸಿಲ್ಲ ಎಂದರ್ಥ. ಒಂದು ಸಾಲು ಸೇರಿಸಿದರೆ ಸರಿಯಾಗುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ಕಳಿಸಿದರೆ ಮಾತ್ರ ಏನೂ ಬದಲಾಗುವುದಿಲ್ಲ. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಬೇರೆ ಸಂಖ್ಯೆಗಳು. ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳು ಮೊಬೈಲಿನಲ್ಲಿ ಸರಿಯಾಗಿ ಕಾಣದಿರಲು ಇದೂ ಒಂದು ಕಾರಣ.

ಸರ್ವರ್ ಓಡಿತೆಂದು ಇಟ್ಟುಕೊಳ್ಳಿ. ನಿಜವಾದ ಪಾಠ ಆಗ ಶುರು. ನಮ್ಮ ಮೂರು ಊರುಗಳ ಹೆಸರನ್ನೇ ಕಳಿಸಿ ನೋಡಿ. ‘ಗಡಹಿಂಗ್ಲಜ’ ಮರಾಠಿಯವರು ಬರೆಯುವಂತೆಯೇ ಬರುತ್ತದೆ. ‘ಇಚಲಕರಂಜಿ’ ಕೊನೆಯ ಅಕ್ಷರದಲ್ಲಿ ತಪ್ಪುತ್ತದೆ. ಮರಾಠಿ ಬರವಣಿಗೆಯಲ್ಲಿ ಅದು ದೀರ್ಘ ‘ಜೀ’. ‘ಕೊಲ್ಹಾಪುರ’ ಎರಡು ಕಡೆ ತಪ್ಪುತ್ತದೆ. ಮರಾಠಿಯಲ್ಲಿ ಊರ ಹೆಸರಿನ ‘ಪುರ’ ದೀರ್ಘವಾಗಿ ‘ಪೂರ’ ಆಗುತ್ತದೆ. ಇನ್ನು ಕನ್ನಡದಲ್ಲಿರುವ ಹ್ರಸ್ವ ‘ಎ’, ‘ಒ’ಗಳನ್ನು ಮರಾಠಿ ಬರವಣಿಗೆ ಬೇರೆಯಾಗಿ ಗುರುತಿಸುವುದಿಲ್ಲ. ಯುನಿಕೋಡ್‌ನಲ್ಲಿ ಅವಕ್ಕೆ ದೇವನಾಗರಿ ಮನೆ ಇದ್ದರೂ ಮರಾಠಿ ಓದುಗರಿಗೆ ಆ ಚಿಹ್ನೆ ಅಪರಿಚಿತ.

ಇದನ್ನು ಸರಿಪಡಿಸಲು ಮಗು ಸರ್ವರಿಗೆ ನಿಯಮ ಸೇರಿಸಬೇಕು: ಹ್ರಸ್ವ ‘ಎ’ ಬಂದರೆ ‘ಏ’ ಮಾಡು, ‘ಒ’ ಬಂದರೆ ‘ಓ’ ಮಾಡು, ಪದದ ಕೊನೆಯ ‘ಇ’, ‘ಉ’ಗಳನ್ನು ದೀರ್ಘ ಮಾಡು, ಊರ ಹೆಸರಿನ ‘ಪುರ’ವನ್ನು ‘ಪೂರ’ ಮಾಡು. ಈ ನಿಯಮ ಹೊಳೆಯುವುದು ಎರಡೂ ಲಿಪಿಗಳನ್ನು ಓದಬಲ್ಲ ಮಗುವಿಗೆ. ಕನ್ನಡದಲ್ಲಿ ಪಾಠ ಓದಿ ಮರಾಠಿಯನ್ನೂ ಕಲಿಯುವ ನಮ್ಮ ಮಕ್ಕಳು ಹ್ರಸ್ವ ದೀರ್ಘಗಳ ಈ ವ್ಯತ್ಯಾಸವನ್ನು ದಿನವೂ ದಾಟುತ್ತಾರೆ. ಇಂಗ್ಲಿಷ್ ಒಂದರಲ್ಲೇ ಕಲಿತ ಮಗುವಿಗೆ ಇಲ್ಲಿ ತಪ್ಪೇ ಕಾಣುವುದಿಲ್ಲ.

ಆಮೇಲೆ ಮನೆಯವರ ಹೆಸರು ಕಳಿಸಿ. ‘ಬಸಪ್ಪ’ ಎಂದರೆ ಸರ್ವರ್ ‘ಬಸಪ್ಪ’ ಎಂದೇ ದೇವನಾಗರಿಯಲ್ಲಿ ಕೊಡುತ್ತದೆ. ಮರಾಠಿ ಬರೆಯುವ ಕೈ ‘ಬಸಪ್ಪಾ’ ಎಂದು ದೀರ್ಘ ಹಾಕುತ್ತದೆ. ಮಹಾರಾಷ್ಟ್ರದ ಆಧಾರ್‌ನಲ್ಲಿ ಹೆಸರು ಮರಾಠಿ ಮತ್ತು ಇಂಗ್ಲಿಷ್‌ನಲ್ಲಿ ಇರುತ್ತದೆ, ಮಗುವಿನ ವಹಿಯ ಮೇಲೆ ಕನ್ನಡದಲ್ಲಿ. ಒಂದೇ ಹೆಸರು ಮೂರು ಕಡೆ ಮೂರು ರೀತಿ ಆಗುವುದು ಎಲ್ಲಿ ಎಂದು ಮಗು ಆಗ ತಾನೇ ಬೆರಳಿಟ್ಟು ತೋರಿಸುತ್ತದೆ. ಆದರೆ ಈ ಸರ್ವರ್ ಕೊಟ್ಟದ್ದನ್ನು ನೋಡಿ ಅರ್ಜಿ ತುಂಬಬೇಡಿ. ಅರ್ಜಿಗೆ ದಾಖಲೆಯಲ್ಲಿ ಇದ್ದದ್ದೇ ಸರಿ.

ಮಗುವಿಗೆ ಇನ್ನೊಂದು ಮಾತು ಹೇಳಿಡಿ. ಪೈಥಾನ್ ಜತೆಗೇ ಬರುವ ಸರ್ವರ್ ಕಲಿಕೆಗೆ ಮಾತ್ರ. ಅದಕ್ಕೆ ಗಟ್ಟಿ ಬೀಗವಿಲ್ಲ. ಅದರಲ್ಲಿ ಒಂದು ಫೋಲ್ಡರನ್ನು ಹಾಗೆಯೇ ತೆರೆದಿಟ್ಟರೆ ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಒಳಗಿನ ಕಡತ ನೋಡಬಹುದು. ಆದ್ದರಿಂದ ಆಧಾರ್ ಫೋಟೊ, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿ ಇರುವ ಫೋಲ್ಡರಿನಲ್ಲಿ ಇದನ್ನು ಓಡಿಸಬಾರದು. ಬೇರೆ ಖಾಲಿ ಫೋಲ್ಡರ್ ಮಾಡಿಕೊಳ್ಳಿ, ಆಟ ಮುಗಿದ ಮೇಲೆ ಆ ಕಪ್ಪು ಕಿಟಕಿ ಮುಚ್ಚಿ.