ಕಚೇರಿಯ ಇ-ಮೇಲ್ ಪೆಟ್ಟಿಗೆ ತುಂಬಿದಾಗ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯತಿಗೆ ಬರುವ ಸುತ್ತೋಲೆ, ಸಭಾ ಸೂಚನೆ, ಅನುದಾನ ಪತ್ರ ಹಾಗೂ ನಾಗರಿಕರ ಅರ್ಜಿಗಳಲ್ಲಿ ಹಲವು ಇಂದು ಇ-ಮೇಲ್ ಮೂಲಕವೇ ತಲುಪುತ್ತವೆ. ಪ್ರತಿ ಖಾತೆಗೂ ಸರ್ವರ್‌ನಲ್ಲಿ ನಿಗದಿತ ಸ್ಥಳಮಿತಿಯಿರುತ್ತದೆ. ಮಿತಿ ತುಂಬಿದರೆ ಸರ್ವರ್ ಹೊಸ ಪತ್ರವನ್ನು ಸ್ವೀಕರಿಸದೆ ಹಿಂದಿರುಗಿಸುತ್ತದೆ. ಈ ವಿಷಯ ಕಳುಹಿಸಿದವರಿಗೆ ತಿಳಿಯುತ್ತದೆಯೇ ಹೊರತು, ಯಾವ ಪತ್ರ ಹಿಂದಿರುಗಿತೆಂಬುದು ಪಂಚಾಯತಿಗೆ ತಿಳಿಯುವುದಿಲ್ಲ. ಇದರಿಂದ ಅರ್ಜಿದಾರರ ಅಹವಾಲು ಕಚೇರಿಯನ್ನೇ ತಲುಪದಿರಬಹುದು. ಅನುದಾನದ ಗಡುವೂ ಮೀರಬಹುದು.

ಪೆಟ್ಟಿಗೆ ತುಂಬಲು ಪತ್ರಗಳ ಸಂಖ್ಯೆಗಿಂತ ಲಗತ್ತುಗಳ ಗಾತ್ರವೇ ಮುಖ್ಯ ಕಾರಣ. ಕಾಮಗಾರಿಯ ಛಾಯಾಚಿತ್ರ ಮತ್ತು ಸ್ಕ್ಯಾನ್ ಮಾಡಿದ ಕಡತಗಳು ಹೆಚ್ಚು ಜಾಗ ಹಿಡಿಯುತ್ತವೆ. ಲಗತ್ತು ಇ-ಮೇಲ್‌ನಲ್ಲಿ ಸಾಗಲು ಅಕ್ಷರರೂಪಕ್ಕೆ ಪರಿವರ್ತನೆಯಾಗುವಾಗ ಪ್ರತಿ 3 ಬೈಟ್‌ಗಳು 4 ಅಕ್ಷರಗಳಾಗುತ್ತವೆ; ಹೀಗೆ 15 ಎಂ.ಬಿ. ಕಡತವು ಸುಮಾರು 20 ಎಂ.ಬಿ. ಆಗುತ್ತದೆ. ಅದನ್ನೇ ಬೇರೆಯವರಿಗೆ ರವಾನಿಸಿದರೆ ‘ಕಳುಹಿಸಿದ ಪತ್ರಗಳು’ ವಿಭಾಗದಲ್ಲಿ ಮತ್ತೊಂದು ಪ್ರತಿ ಉಳಿಯುತ್ತದೆ. ಅಳಿಸಿದ ಪತ್ರವೂ ಸಾಮಾನ್ಯವಾಗಿ ಕಸದ ಬುಟ್ಟಿ ಖಾಲಿಯಾಗುವವರೆಗೆ ಲೆಕ್ಕದಲ್ಲಿರುತ್ತದೆ.

ಸ್ಥಳಮಿತಿ ಹೆಚ್ಚಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಬೆಂಗಳೂರಿನಲ್ಲಿ 1898ರಲ್ಲಿ ಪ್ಲೇಗ್ ಹಬ್ಬಿದ ಸಂದರ್ಭದಲ್ಲಿ, ಹಳೆಯ ಪೇಟೆಯ ಜನದಟ್ಟಣೆ ತಗ್ಗಿಸಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಲ್ಲಿ ಕೇವಲ ಹೆಚ್ಚು ಜಾಗ ನೀಡಲಿಲ್ಲ. ಮನೆಗಳ ಹಿಂದೆ ತ್ಯಾಜ್ಯ ಸಾಗಿಸಲು ಕನ್ಸರ್ವೆನ್ಸಿ ಓಣಿಗಳನ್ನೂ ಯೋಜಿಸಲಾಯಿತು. ಇ-ಮೇಲ್‌ಗೂ ಇದೇ ಮಾತು ಅನ್ವಯಿಸುತ್ತದೆ: ಅನಗತ್ಯವಾದುದು ಹೊರಹೋಗುವ ವ್ಯವಸ್ಥೆಯಿಲ್ಲದಿದ್ದರೆ ದೊಡ್ಡ ಪೆಟ್ಟಿಗೆಯೂ ತುಂಬುತ್ತದೆ.

ಆದರೆ ವಿವೇಚನೆಯಿಲ್ಲದೆ ಅಳಿಸುವುದು ಇನ್ನೂ ದೊಡ್ಡ ಅಪಾಯ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಎಫ್) ಪ್ರಕಾರ ‘ಮಾಹಿತಿ’ ಎಂಬುದರಲ್ಲಿ ಇ-ಮೇಲ್ ಸಹ ಸೇರಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 7ರಂತೆ, ವಿದ್ಯುನ್ಮಾನ ದಾಖಲೆಯನ್ನು ಉಳಿಸುವಾಗ ಅದರ ಮೂಲ, ಗಮ್ಯ, ರವಾನೆ ಅಥವಾ ಸ್ವೀಕೃತಿಯ ದಿನಾಂಕ ಹಾಗೂ ವೇಳೆಯನ್ನು ಗುರುತಿಸುವ ವಿವರಗಳು ಲಭ್ಯವಿರಬೇಕು. ಆದ್ದರಿಂದ ಲಗತ್ತನ್ನಷ್ಟೇ ಉಳಿಸಿ ಪತ್ರವನ್ನು ಅಳಿಸುವುದು ಸೂಕ್ತವಲ್ಲ.

ಕಚೇರಿಯಲ್ಲಿ ಅನುಸರಿಸಬಹುದಾದ ಕ್ರಮ:

1. ಪತ್ರಗಳನ್ನು ಗಾತ್ರದ ಅನುಸಾರ ಜೋಡಿಸಿ, ದೊಡ್ಡವುಗಳಿಂದ ಪರಿಶೀಲನೆ ಆರಂಭಿಸುವುದು.

2. ಅವುಗಳನ್ನು ದಾಖಲೆ, ನಕಲು ಮತ್ತು ಅನಗತ್ಯ ಎಂದು ವಿಂಗಡಿಸುವುದು. ಬಾಕಿಯಿರುವ ಅರ್ಜಿ, ಲೆಕ್ಕಪರಿಶೋಧನೆ ಅಥವಾ ನ್ಯಾಯಾಲಯದ ಪ್ರಕರಣಕ್ಕೆ ಸಂಬಂಧಿಸಿದ ಯಾವುದನ್ನೂ ಅಳಿಸಬಾರದು.

3. ದಾಖಲೆ ಪತ್ರಗಳನ್ನು ಲಗತ್ತು ಸಮೇತ ಮೂಲರೂಪದಲ್ಲಿ ಕಚೇರಿಯ ಎರಡು ಪ್ರತ್ಯೇಕ ಸಾಧನಗಳಲ್ಲಿ ಉಳಿಸಿ, ಎರಡೂ ಪ್ರತಿಗಳನ್ನು ತೆರೆದು ಪರೀಕ್ಷಿಸುವುದು.

4. ಆ ಬಳಿಕವೇ ಸರ್ವರ್‌ನಿಂದ ತೆಗೆದು, ಕಸದ ಬುಟ್ಟಿಯನ್ನು ಖಾಲಿ ಮಾಡುವುದು.

5. ಸಾಮಾನ್ಯ ವರದಿಗೆ ಛಾಯಾಚಿತ್ರಗಳ ಗಾತ್ರ ತಗ್ಗಿಸಿ ಕಳುಹಿಸುವುದು. ಮೂಲ ಚಿತ್ರವನ್ನು ಕಾಮಗಾರಿಯ ಕಡತದಲ್ಲಿ ಉಳಿಸುವುದು.

ಜಾಗವಿಲ್ಲವೆಂದು ಕಚೇರಿ ಪತ್ರಗಳನ್ನು ಸಿಬ್ಬಂದಿಯ ಖಾಸಗಿ ಖಾತೆಗೆ ವರ್ಗಾಯಿಸಬಾರದು. ಅವರು ವರ್ಗಾವಣೆಯಾದಾಗ ದಾಖಲೆಯೂ ಪಂಚಾಯತಿಯ ಕೈತಪ್ಪುತ್ತದೆ.

ಈ ಕೆಲಸ ಸಿಬ್ಬಂದಿಯದಾದರೂ ಮೇಲುಸ್ತುವಾರಿಯಲ್ಲಿ ಸದಸ್ಯರ ಪಾತ್ರವಿದೆ. ಪೆಟ್ಟಿಗೆಯಲ್ಲಿ ಎಷ್ಟು ಜಾಗ ಉಳಿದಿದೆ, ಕೊನೆಯ ಪ್ರತಿ ಯಾವಾಗ ತೆಗೆಯಲಾಯಿತು, ಅದು ತೆರೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಸಾಮಾನ್ಯ ಸಭೆಯಲ್ಲಿ ಕೇಳುವುದು ಉಪಯುಕ್ತ. ಇ-ಮೇಲ್ ಕಳುಹಿಸಿದ ಗ್ರಾಮಸ್ಥರೂ ಪಂಚಾಯತಿಯ ಬಾಗಿಲಿಗೆ ಬಂದ ಅರ್ಜಿದಾರರೇ ಎಂಬುದನ್ನು ಗಮನದಲ್ಲಿರಿಸಿಕೊಳ್ಳುವುದು ಅಗತ್ಯ.